ಕಿತ್ತವರ ಹೆಸರು

ನಮ್ಮ ಊರು ಬಿಟ್ಟು ಹೋಗುವವರು ತಮ್ಮ ಹಿತ್ತಿಲಿನ ಪಾಪಾಸುಕಳ್ಳಿಯಿಂದ ಒಂದು ಎಲೆಯನ್ನು ಬರಿಗೈಯಲ್ಲಿ ಕಿತ್ತು ಹಾಳೆಮನೆಗೆ ಕೊಟ್ಟು ಹೋಗಬೇಕು. ಬಟ್ಟೆ ಸುತ್ತಿಕೊಂಡು ಕೀಳುವಂತಿಲ್ಲ, ಇಕ್ಕಳದಲ್ಲಿ ಹಿಡಿಯುವಂತಿಲ್ಲ. ದೊಡ್ಡ ಮುಳ್ಳೇನೋ ಕಣ್ಣಿಗೆ ಕಾಣುತ್ತದೆ, ತಪ್ಪಿಸಿಕೊಳ್ಳಬಹುದು. ಅದರ ಬುಡದಲ್ಲಿ ಜೋಳದ ತೆನೆಯ ಸುಂಕಿನಂಥ ನವಿರಾದ ಸಣ್ಣ ಮುಳ್ಳುಗಳಿರುತ್ತವಲ್ಲ, ಅವು ಬೆರಳಿಗೆ ಹೊಕ್ಕವೆಂದರೆ ತೆಗೆಯಲು ಯಾರಿಂದಲೂ ಆಗದು. ದಾರಿಯಲ್ಲಿ ರೊಟ್ಟಿ ಮುರಿಯುವಾಗ, ಚಪ್ಪಲಿ ಕಟ್ಟಿಕೊಳ್ಳುವಾಗ ಚುರುಕ್ ಎನ್ನುತ್ತವೆ. ಹೋದವರಿಗೆ ಊರು ನೆನಪಾಗುವುದು ಮೊದಮೊದಲು ಹಾಗೆ.

ಹಾಳೆಮನೆ ಇರುವುದು ಸಂತೆ ಬಯಲಿನ ಪಕ್ಕದಲ್ಲಿ. ಉದ್ದನೆಯ ಕೋಣೆ, ಗೋಡೆಗುಂಟ ಮರದ ಕಪಾಟು, ಕಪಾಟಿನ ತುಂಬ ದಪ್ಪ ಹಾಳೆಗಳು. ಒಂದೊಂದು ಹಾಳೆಗೆ ಒಂದೊಂದು ಒಣಗಿದ ಎಲೆ, ಕೆಳಗೆ ಬಲಮೂಲೆಯಲ್ಲಿ ಒಂದು ಚೀಟಿ. ಚೀಟಿ ಬರೆಯುವವರು ಗುರುಪಾದಪ್ಪ ಮಾಸ್ತರರು. 'ಪಾಪಾಸುಕಳ್ಳಿ. ಸುಣ್ಣಗಾರರ ಓಣಿ, ಕೊನೆಯ ಮನೆಯ ಹಿತ್ತಿಲು. ಮರಳು ಬೆರೆತ ಗರಸು ನೆಲ. ಗಿಡ ಮೊಳಕಾಲೆತ್ತರ, ನೆಲಕ್ಕೆ ಹಬ್ಬಿದೆ. ಹೂವು ಹಳದಿ. ಕಿತ್ತವರು ಇಂಥವರು.' ಒಮ್ಮೆ ದಾರಿ ತಪ್ಪಿ ಬಂದ ಒಬ್ಬ ಕಾಲೇಜಿನ ಮನುಷ್ಯ ಕಪಾಟು ತೆಗೆದು ನೋಡಿ, "ಒಂದೇ ಗಿಡದ್ದು ಇಷ್ಟೊಂದು ಹಾಳೆ ಯಾಕ್ರೀ? ಒಂದೆರಡು ಇದ್ದರೆ ಸಾಕಲ್ಲ" ಅಂದನಂತೆ. ಮಾಸ್ತರರು ಅವನಿಗೆ ಚಹಾ ಕೊಟ್ಟು ಕಳಿಸಿದರು. ಅವರು ಯಾರ ಜೊತೆಗೂ ವಾದಕ್ಕೆ ಇಳಿಯುವವರಲ್ಲ. ನಾವು ಎಲೆ ಎಂದಾಗ ಮಾತ್ರ "ಎಲಿ ಅಲ್ಲವ್ವಾ, ಅದು ಕಾಂಡ" ಎಂದು ತಿದ್ದುತ್ತಾರೆ. ನಾವು ಹೂಂ ಎಂದು ಮತ್ತೆ ಎಲೆ ಎನ್ನುತ್ತೇವೆ.

ಕಿತ್ತವರ ಹಂಬಲ ಹಿಂಗುವ ತನಕ ಎಲೆ ಒಣಗುವುದಿಲ್ಲ. ಎರಡು ಹಲಗೆಯ ನಡುವೆ, ಕಾಗದದ ಮಡಿಕೆಯೊಳಗೆ, ಮೇಲೆ ಬೀಸುವ ಕಲ್ಲು ಹೇರಿಟ್ಟರೂ ಹಸಿಯಾಗಿಯೇ ಇರುತ್ತದೆ. ಕಾಗದ ಒದ್ದೆಯಾಗುತ್ತದೆ. ಸಂತೆಯ ದಿನ ಮನೆಯ ಹೆಂಗಸರು ಬಿಸಿಲಿಗೆ ಒಣಗಿಸಿದ ಕಾಗದ ಒಯ್ದು, ಹಸಿ ಕಾಗದ ತೆಗೆದು ಬದಲಿಸಿ ಬರುತ್ತಾರೆ. ಹಸಿರಿರುವ ತನಕ ಹೋದವರ ತಾಟು ಒಲೆಯ ಪಕ್ಕದಲ್ಲೇ ಇರಬೇಕು, ಹೆಂಡತಿ ಹೆಂಡತಿಯೇ, ಹೊಲದಲ್ಲಿ ಪಾಲು ಪಾಲೇ. ಒಣಗಿದ ದಿನ ಮಾಸ್ತರರು ಹೇಳಿ ಕಳಿಸುತ್ತಾರೆ. ಎಲೆಯನ್ನು ಹಾಳೆಗೆ ಹೊಲಿದು, ಚೀಟಿಗೆ ಶಾಯಿಯಲ್ಲಿ ಹೆಸರು ಬರೆದು, ಮನೆಗೆ ಬಂದು ತಾಟನ್ನು ಅಟ್ಟಕ್ಕೆ ಹಾಕುವುದು. ಸತ್ತರೋ ಮರೆತರೋ ಎಂದು ಯಾರೂ ಕೇಳುವುದಿಲ್ಲ. ಎಲೆ ಅದನ್ನು ಹೇಳುವುದಿಲ್ಲ, ನಮಗೂ ಕೇಳುವ ಧೈರ್ಯವಿಲ್ಲ.

ನನ್ನ ಅಣ್ಣ ಅಡಿವೆಪ್ಪ ಮದುವೆಯಾದ ವರ್ಷ ತುಂಬುವುದರೊಳಗೆ ಉಪ್ಪಿನ ಗಾಡಿಗಳ ಜೊತೆ ಹೊರಟ. ಹೋಗಲೇಬೇಕಾದ ಗತಿ ಏನೂ ಇರಲಿಲ್ಲ. ಅವನಿಗೆ ಊರಾಚೆ ಏನಿದೆ ನೋಡುವ ಚಟ, ಅಷ್ಟೇ. ಅವ್ವ ಒಬ್ಬನೇ ಮಗ ಎಂದು ಮುದ್ದು ಮಾಡಿ ಮಾಡಿ ಅವನ ಕೈ ಬೆಣ್ಣೆಯಾಗಿತ್ತು. ಅವನ ಹೆಂಡತಿ ಚಂಪವ್ವ ನನ್ನ ವಾರಿಗೆಯವಳು. ನಂಟಿನಲ್ಲಿ ವೈನಿ, ಸಲಿಗೆಯಲ್ಲಿ ಗೆಳತಿ. ಅಂದು ಬೆಳಿಗ್ಗೆ ನಾನು ಒಳಗೆ ರೊಟ್ಟಿ, ಶೇಂಗಾಪುಡಿ ಗಂಟು ಕಟ್ಟುತ್ತಿದ್ದೆ. ಹಿತ್ತಿಲಿನಲ್ಲಿ ಇಬ್ಬರೂ ನಗುತ್ತಿರುವುದು ಕೇಳುತ್ತಿತ್ತು. ಆಮೇಲೆ ಮೊರದಲ್ಲಿ ಎಲೆ ಇಟ್ಟುಕೊಂಡು ಬಂದರು. ಹೊರಡುವ ಗಂಡ, ಕಳಿಸುವ ಹೆಂಡತಿ ಇಷ್ಟು ನಗುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಒಂದು ವರ್ಷದಲ್ಲಿ ಬರುತ್ತೇನೆ ಎಂದು ಹೋದ.

ಒಂದು ವರ್ಷವಾಯಿತು, ಬರಲಿಲ್ಲ. ಎಲೆ ಹಸಿರಾಗಿತ್ತು. ಅವ್ವ ಸತ್ತಳು. ಎಲೆ ಹಸಿರು. ಹಣ್ಣಿನ ಕಾಲದಲ್ಲಿ ನಾನೂ ವೈನಿಯೂ ಊರ ಸುತ್ತಿನ ಕಳ್ಳಿಯ ಕೆಂಪು ಹಣ್ಣು ತಂದು, ಮರಳಿನಲ್ಲಿ ಹೊರಳಾಡಿಸಿ ಮುಳ್ಳು ಕಳೆದು, ಕುದಿಸಿ ಪಾನಕ ಮಾಡಿ ಸಂತೆಯಲ್ಲಿ ಮಾರುತ್ತಿದ್ದೆವು. ಅಂಗೈಯೆಲ್ಲ ಕೆಂಪಾಗಿರುತ್ತಿತ್ತು. ಅದೇ ಕೈಯನ್ನು ತೊಳೆದು ತೊಳೆದು, ಸೆರಗಿಗೆ ಒರೆಸಿ ಒರೆಸಿ ವೈನಿ ಕಾಗದ ಬದಲಿಸಲು ಹೋಗುತ್ತಿದ್ದಳು. ಬೇರೆಯವರು ಮುಟ್ಟಿ ನೋಡಿ ಸರಕ್ಕನೆ ಕೆಲಸ ಮುಗಿಸುತ್ತಾರೆ. ಇವಳು ಹಲಗೆ ಎತ್ತಿ, ಎಲೆಯನ್ನು ಬೆಳಕಿಗೆ ಹಿಡಿದು, ಕೂಸಿನ ಅರಿವೆ ಬಿಡಿಸುವ ಹಾಗೆ ಒಂದೊಂದೇ ಪದರ ಬಿಡಿಸುತ್ತಿದ್ದಳು. ವರ್ಷಕ್ಕೊಮ್ಮೆ ಅವಳ ತಮ್ಮ ಗಾಡಿ ಕಟ್ಟಿಕೊಂಡು ಬರುತ್ತಿದ್ದ. "ಅಕ್ಕಾ, ಇನ್ನೂ ವಯಸ್ಸೈತಿ. ನಡಿ, ನಮ್ಮ ಕಡೆ ಒಂದು ಒಳ್ಳೆ ಮನೆತನ ಕೇಳಾಕತ್ತಾರ" ಎನ್ನುತ್ತಿದ್ದ. ವೈನಿ ಅವನಿಗೆ ಹೋಳಿಗೆ ಬಡಿಸಿ, "ಎಲಿ ಹಸಿರೈತಿ ತಮ್ಮಾ. ಹೆಂಗ ಬರ್ಲಿ?" ಎಂದು ಕಳಿಸುತ್ತಿದ್ದಳು. ಅವನು ಹೋಗುವಾಗ ನನ್ನನ್ನು ನೋಡುತ್ತಿದ್ದ ನೋಟವೇ ಬೇರೆ. ನಾನೇ ಅವಳನ್ನು ಕಟ್ಟಿಹಾಕಿದ್ದೇನೆ ಎಂಬ ಹಾಗೆ.

ಒಂದು ಬೇಸಿಗೆಯಲ್ಲಿ ಆ ಎಲೆ ಹಲಗೆಯ ನಡುವೆಯೇ ಹೂ ಬಿಟ್ಟಿತು. ಚಪ್ಪಟೆಯಾದ ಹೂವು, ಕಾಗದಕ್ಕೆಲ್ಲ ಹಳದಿ ಹತ್ತಿತ್ತು. ಊರಿಗೆ ಊರೇ ನೋಡಲು ಬಂತು. ನಾನಂತೂ ಕಪಾಟಿನ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ನೋಡ್ರಿ, ನಮ್ಮಣ್ಣನ ಜೀವ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸಿದೆ. ಅಲ್ಲಿಯವರೆಗೆ ಅಣ್ಣನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಬರಲಾಗದ ಯಾವುದೋ ಕಷ್ಟದಲ್ಲಿದ್ದಾನೆ, ಆದರೂ ಇಷ್ಟು ನೆನೆಯುತ್ತಾನಲ್ಲ ಎಂದು ಕಣ್ಣು ತುಂಬಿ ಬಂತು. ವೈನಿ ಮಾತ್ರ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ನಾಚಿಕೆ ಎಂದುಕೊಂಡೆ. ನನ್ನ ಜಾಣತನ ಅಷ್ಟೇ.

ಅದಾದ ಕೆಲವು ವರ್ಷಕ್ಕೆ ಒಂದು ಮಧ್ಯಾಹ್ನ ಸಂತೆಯಲ್ಲಿ ಪಾನಕದ ಕೊಡದ ಮುಂದೆ ಕೂತಿದ್ದೆ. ಕನ್ನಡಕ ಮಾರುವವನೊಬ್ಬ ಪೆಟ್ಟಿಗೆ ಹೊತ್ತು ಬಂದು, ಒಂದು ಲೋಟ ಕುಡಿದು ಬಾಯಿ ಒರೆಸಿಕೊಂಡು, "ಅಕ್ಕಾರ, ಇಲ್ಲಿ ಇಳಕೊಳ್ಳಾಕ ಛತ್ರ ಏನರ ಐತೇನ್ರಿ?" ಎಂದು ಕೇಳಿದ. ಎಡಗಿವಿಯ ಹಾಲೆಯ ಮೇಲೆ ಕಡಲೆಯಷ್ಟು ದೊಡ್ಡ ಮಚ್ಚೆ. ಅಂಥ ಮಚ್ಚೆ ನಾನು ಒಬ್ಬನ ಕಿವಿಯಲ್ಲಿ ಮಾತ್ರ ಕಂಡಿದ್ದೆ. "ಅಡಿವೆಪ್ಪಣ್ಣ" ಎಂದೆ. ಅವನು ನನ್ನನ್ನು ನೋಡಿದ. ಬೆನ್ನ ಹಿಂದೆ ಬೇರೆ ಯಾರಾದರೂ ಇದ್ದಾರೋ ಎಂದು ನೋಡಿದ. ಆಮೇಲೆ ನಿಧಾನವಾಗಿ, ನನ್ನ ಹೆಸರು ಹಿಡಿದು, "ದ್ಯಾವಕ್ಕ? ಇದು... ಇದು ನಮ್ಮ ಊರಾ?" ಎಂದ. ನಮ್ಮ ಊರಿಗೆ ಬರುವ ದಾರಿ ವರ್ಷವರ್ಷವೂ ಮರಳಿನಲ್ಲಿ ಸರಿಯುತ್ತದೆ, ಗುರುತು ಸಿಗದಿದ್ದರೆ ತಪ್ಪಲ್ಲ. ಆದರೂ ಇಷ್ಟು ನೆನೆಯುವವನಿಗೆ ಊರು ಗೊತ್ತಾಗಲಿಲ್ಲವೇ ಎನಿಸಿತು. ಆ ಗದ್ದಲದಲ್ಲಿ ಅದನ್ನು ಅಲ್ಲಿಗೇ ಬಿಟ್ಟೆ.

ಗದ್ದಲವೆಂದರೆ ಅಂಥಿಂಥದ್ದಲ್ಲ. ಹಸಿರು ಎಲೆಯವರು ತಿರುಗಿ ಬರುವುದು ನಮ್ಮಲ್ಲಿ ಅಪರೂಪ. ಓಣಿಯವರೆಲ್ಲ ಅವನ ಪೆಟ್ಟಿಗೆ ಹೊತ್ತುಕೊಂಡು, ತಮಟೆ ಬಡಿಯುತ್ತ ಮನೆಯವರೆಗೆ ತಂದರು. "ಎಲಿ ಎಂದಾದ್ರೂ ಸುಳ್ಳ ಹೇಳ್ತೈತೇನ" ಎನ್ನುವವರೇ ಎಲ್ಲರೂ. ಮಗನ ಎಲೆಯನ್ನು ಕಾಯುತ್ತಿರುವ ಮುದುಕಿ ರುದ್ರವ್ವ ಅಣ್ಣನ ಗದ್ದ ಹಿಡಿದು ಮುತ್ತಿಟ್ಟಳು. ಬಾಗಿಲಲ್ಲಿ ವೈನಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವನು ಕೈಕಾಲು ತೊಳೆದು, ದೂರದ ನೆಂಟರ ಮನೆಗೆ ಬಂದವರು ಕೂರುವ ಹಾಗೆ ಕಂಬಳಿಯ ಅಂಚಿಗೆ ಕೂತ.

ಊಟಕ್ಕೆ ಅವನದೇ ತಾಟಿನಲ್ಲಿ ಬಡಿಸಿದಳು. ನಾನು ಒಲೆಯ ಮುಂದಿದ್ದೆ, ನಡುವೆ ಅರ್ಧ ಗೋಡೆ. ಅವಳು ತುಪ್ಪ ಹಾಕುತ್ತ, ನಿಧಾನವಾಗಿ, "ಅಲ್ಲಿ ನಿಮಗ ನಮ್ಮ ನೆನಪ ಆಗ್ತಿತ್ತೇನ್ರಿ?" ಎಂದು ಕೇಳಿದಳು. ಇಷ್ಟು ವರ್ಷ ಕೇಳಬೇಕೆಂದು ಇಟ್ಟುಕೊಂಡ ಮಾತು ಅದೊಂದೇ ಇರಬೇಕು. ಅವನು ತುತ್ತು ಕೆಳಗಿಟ್ಟ. "ನಿನ್ನ ಮುಂದ ಸುಳ್ಳ ಹೇಳಬಾರದು ಚಂಪಾ. ಮೊದಲ ಮಳಿಗಾಲ ಭಾಳ ಆಗ್ತಿತ್ತು. ಅಳು ಬರ್ತಿತ್ತು. ಆಮ್ಯಾಲ ಕೆಲಸ, ಊರಿಂದ ಊರು... ಆಮ್ಯಾಲ ಅಲ್ಲೇ ಒಂದು ಸಂಸಾರ ಆತು. ಎರಡು ಹುಡುಗರು ಅದಾವ. ಇಲ್ಲಿ ಯಾರೂ ಕಾಯಾಕತ್ತಿರಂಗಿಲ್ಲ ಅನ್ಕೊಂಡೆ. ನನ್ನ ಎಲಿ ಎಂದೋ ಒಣಗಿರಬೇಕು ಅನ್ಕೊಂಡೆ." ವೈನಿ ತುಪ್ಪದ ಚಮಚವನ್ನು ಬಟ್ಟಲಿನಲ್ಲಿಟ್ಟಳು. "ಉಣ್ರಿ. ಆರ್ತದ" ಎಂದಳು. ಅಷ್ಟೇ.

ನಾನು ಅಷ್ಟಕ್ಕೆ ಬಿಡುವವಳಲ್ಲ. ಕೈಯಲ್ಲಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ಎತ್ತಲಿಲ್ಲ. ಕೆಟ್ಟವನಾಗಿದ್ದರೆ ಬೈಯುವುದಕ್ಕೆ ಸುಖವಿತ್ತು. ಅವನು ಬರೀ ಮರೆತವನು. ನನ್ನ ಕೂಗು ಓಣಿಗೆ ಕೇಳಿತು, ಓಣಿಯಿಂದ ಸಂತೆಗೆ ಹೋಯಿತು. ಸಂಜೆಯ ಹೊತ್ತಿಗೆ ಊರಿನ ಬಾಯಲ್ಲಿ ಒಂದೇ ಮಾತು. ಅಡಿವೆಪ್ಪ ಊರನ್ನು ಮರೆತು ಸಂಸಾರ ಮಾಡಿಕೊಂಡಿದ್ದಾನೆ, ಆದರೂ ಎಲೆ ಹಸಿರಾಗಿದೆ. ಹಾಗಾದರೆ ಎಲೆಯನ್ನು ನಂಬಿದ್ದೇ ದಂಡ.

ತಿರುಗಿ ಬಂದವರು ಹಾಳೆಮನೆಗೆ ಹೋಗಿ, ತಮ್ಮ ಎಲೆಯನ್ನು ತಾವೇ ಹಲಗೆಯಿಂದ ಬಿಡಿಸಿ ಹಿತ್ತಿಲಿನಲ್ಲಿ ನೆಡುವುದು ಪದ್ಧತಿ. ಮಾರನೆಯ ಬೆಳಿಗ್ಗೆ ನಾವು ಹೋಗುವುದರೊಳಗೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರ ಮುಖದಲ್ಲೂ ನಿನ್ನೆಯ ನಗುವಿಲ್ಲ. ಮಾಸ್ತರರು ಕಲ್ಲು ಇಳಿಸಿ, ಹಲಗೆ ತೆಗೆದು, ಕಾಗದ ಸರಿಸಿದರು. ಎಲೆ ನಿನ್ನೆ ಕಿತ್ತ ಹಾಗೆ ಮಿರಿಮಿರಿ ಎನ್ನುತ್ತಿತ್ತು. ರುದ್ರವ್ವ ಮುಂದೆ ಬಂದು ಅದನ್ನು ನೋಡಿದಳು, ಅಣ್ಣನನ್ನು ನೋಡಿದಳು. "ಮಾಸ್ತರ, ಇದು ಖರೇ ಅಲ್ಲದ ಮ್ಯಾಲ ನನ್ನ ಮಗನ್ದೂ ಖರೇ ಅಲ್ಲ, ಹೌದಿಲ್ಲೋ? ಇಷ್ಟ ವರ್ಷ ನಾ ಕಾಗದಕ್ಕ ಕೈ ಮುಗದ್ನೇನ?" ಮಾಸ್ತರರು ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಮತ್ತೊಮ್ಮೆ ಓದಿದರು. ಹಿಂದಿನಿಂದ ಯಾರೋ, "ಕಪಾಟಿಗೆ ಬೆಂಕಿ ಹಚ್ರಿ" ಎಂದು ಕೂಗಿದರು.

ಆಗ ವೈನಿ ಜನರನ್ನು ಸರಿಸಿಕೊಂಡು ಮೇಜಿನ ಹತ್ತಿರ ಹೋದಳು. "ಆ ಎಲಿ ಅವರು ಕಿತ್ತಿದ್ದಲ್ಲ" ಎಂದಳು. "ನಾ ಕಿತ್ತಿದ್ದು." ಯಾರಿಗೂ ತಟ್ಟನೆ ಅರ್ಥವಾಗಲಿಲ್ಲ. ಅವಳು ಎಲ್ಲರಿಗೂ ಕೇಳುವ ಹಾಗೆ, ಆದರೆ ಯಾರ ಮುಖವನ್ನೂ ನೋಡದೆ ಹೇಳಿದಳು. "ಹೊಂಟ ದಿನ ಇವರು ಮುಳ್ಳಿಗೆ ಹೆದರಿ ಕೈ ಹಿಂದ ತಗದ್ರು. ನಾ ನಕ್ಕು, ಆ ಕಡೆ ಸರೀರಿ ಅಂತಂದು ನಾನ ಕಿತ್ತು ಮೊರದಾಗ ಇಟ್ಟೆ. ಇವರು ಮೊರ ಹಿಡದ್ರು, ಅಷ್ಟ. ಎಲಿ ಸುಳ್ಳ ಹೇಳಿಲ್ಲ ರುದ್ರವ್ವಾಯಿ. ಕಿತ್ತವರ ಹಂಬಲ ಹಿಂಗಿಲ್ಲ, ಅದಕ್ಕ ಒಣಗಿಲ್ಲ."

ಹೆಂಗಸಿನ ಮನಸ್ಸನ್ನು ಹೀಗೆ ಮೇಜಿನ ಮೇಲೆ ಹರವಿ ಊರಿಗೆಲ್ಲ ತೋರಿಸಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವಳು ಹಸಿರಾಗಿ ಬಿದ್ದುಕೊಂಡಿದ್ದಳು, ಮರೆತವನು ಮೊಳದೂರದಲ್ಲಿ ನಿಂತಿದ್ದ. ಹೂ ಬಿಟ್ಟ ವರ್ಷ ನಾನು ಸೊಂಟದ ಮೇಲೆ ಕೈಯಿಟ್ಟು ತೋರಿಸಿ ಮೆರೆದದ್ದು ಯಾರ ಜೀವವನ್ನೆಂದು ತಿಳಿದು ನನ್ನ ಕಿವಿ ಬಿಸಿಯಾದವು. "ಗೊತ್ತಿದ್ದೂ ಇಷ್ಟ ವರ್ಷ ಸುಮ್ಮನ ಇದ್ದೇನ?" ಎಂದು ಕೇಳಿದೆ. ಕೇಳಿದ್ದಲ್ಲ, ಚೀರಿದೆ. ವೈನಿ ನನ್ನ ಕಡೆ ತಿರುಗಿದಳು. "ಕಿತ್ತಿದ್ದು ನಾನು ಅನ್ನೋದು ಗೊತ್ತಿತ್ತು ದ್ಯಾವಕ್ಕ. ಆದ್ರ ಅವರ ಕೈ, ನನ್ನ ಕೈ ಬ್ಯಾರೆ ಬ್ಯಾರೆ ಅಂತ ಆವತ್ತು ಅನಿಸಿರಲಿಲ್ಲ. ನಿನ್ನೆ ಉಣ್ಣಾಕ ಹಾಕಿದಾಗ ಅನಿಸ್ತು."

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಹಸಿರು ಎಲೆಯ ಚೀಟಿಯನ್ನು ಪೆನ್ಸಿಲಿನಲ್ಲಿ ಮಾತ್ರ ಬರೆದಿರುತ್ತಾರೆ. ರಬ್ಬರಿನಿಂದ ಅಡಿವೆಪ್ಪನ ಹೆಸರನ್ನು ಅಳಿಸಿ, ಊದಿ, 'ಕಿತ್ತವರು ಚಂಪವ್ವ' ಎಂದು ಬರೆದರು. ರುದ್ರವ್ವ ಗೋಡೆಗೆ ಒರಗಿ, "ನನ್ನ ಮಗ ತಾನ ಕಿತ್ತಾನ, ನಾ ಕಣ್ಣಾರೆ ನೋಡೀನಿ" ಎಂದು ಎರಡು ಮೂರು ಸಲ ಹೇಳಿಕೊಂಡಳು. ಉಳಿದ ಹೆಂಗಸರಲ್ಲಿ ಕೆಲವರು ಯಾಕೋ ತಮ್ಮ ತಮ್ಮ ಹಲಗೆಗಳ ಕಡೆ ಒಮ್ಮೆ ನೋಡಿ ಮನೆಯ ಹಾದಿ ಹಿಡಿದರು. ಮುಳ್ಳಿಗೆ ಹೆದರುವ ಗಂಡಸರು ನಮ್ಮ ಮನೆಯಲ್ಲಿ ಮಾತ್ರ ಹುಟ್ಟಿರಲಿಲ್ಲ ಎಂದು ಕಾಣುತ್ತದೆ.

ಅಣ್ಣ ಎರಡು ದಿನ ಇದ್ದ. ಹೋಗುವಾಗ, ಊರಿನ ರಿವಾಜಿಗೆಂದು, ಈ ಸಲ ತನ್ನ ಕೈಯಿಂದಲೇ ಒಂದು ಎಲೆ ಕಿತ್ತು ಕೊಟ್ಟ. ಬೆರಳು ಚೀಪಿಕೊಳ್ಳುತ್ತ ಗಾಡಿ ಹತ್ತಿದ. ಆ ಎಲೆ ಮುಂದಿನ ಸಂತೆಗೆ ಹಪ್ಪಳದ ಹಾಗೆ ಗರಗರಿ ಒಣಗಿತ್ತು. ನಾನೇ ಹೊಲಿದೆ, ಸೂಜಿ ಮುರಿಯುವಷ್ಟು ಸಿಟ್ಟಿನಲ್ಲಿ. ತಾಟನ್ನು ಅಟ್ಟಕ್ಕೆ ಎಸೆದೆ.

ಆ ವರ್ಷ ವೈನಿಯ ತಮ್ಮ ಗಾಡಿ ಕಟ್ಟಿಕೊಂಡು ಬಂದಾಗ ಅವಳು ಸೀರೆಯ ಗಂಟು ಕಟ್ಟಿ ಸಿದ್ಧವಾಗಿದ್ದಳು. ನನಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ನಾನು ಗಂಟು ಬಿಚ್ಚುತ್ತಿದ್ದೆ ಎಂದು ಅವಳಿಗೆ ಗೊತ್ತು. "ಅವ ಇಲ್ಲ ಅಂದ್ರ ನಾ ಇಲ್ಲೇನ ನಿನಗ?" ಎಂದು ಜಗಳ ತೆಗೆದೆ. "ಪಾನಕ ಯಾರ ಕುದಸ್ತಾರ? ಹಣ್ಣ ಯಾರ ಮರಳಾಗ ಹೊಳ್ಳಸ್ತಾರ?" ಕೇಳಬೇಕಾದ್ದು ಅದಲ್ಲ, ಆದರೆ ಬಾಯಿಗೆ ಬಂದದ್ದು ಅದು. ಅವಳು ನನ್ನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. "ಇಲ್ಲೇ ಇದ್ರ ಈ ಹಂಬಲ ಹಿಂಗಂಗಿಲ್ಲವ್ವಾ. ಆ ಹಿತ್ತಲ, ಆ ಮೊರ, ಆ ಕಂಬಳಿ. ದಿನಾ ಹೊತ್ತು ಹೊಂಟ್ರ ಅದನ್ನ ನೋಡೋದು. ಒಂದ್ಸಲ ಬಿಟ್ಟು ನೋಡ್ತೀನಿ" ಎಂದಳು. ನನಗೆ ಅರ್ಥವಾಯಿತು. ಅರ್ಥವಾಗಿದ್ದಕ್ಕೇ ಅಳು ಹೆಚ್ಚಾಯಿತು. ಹೊರಡುವವರು ಎಲೆ ಕೊಡಬೇಕಲ್ಲ ಎಂದು ಮಾಸ್ತರರು ಬಾಗಿಲ ತನಕ ಬಂದಿದ್ದರು. "ನಂದು ಆಗಲೇ ಒಳಗ ಐತಲ್ರಿ ಮಾಸ್ತರ" ಎಂದು ಅವಳು ನಕ್ಕಳು. ಹಿತ್ತಿಲಿನಲ್ಲಿ ನಗುತ್ತಿದ್ದ ಹುಡುಗಿಯ ನಗು ಅದು. ಅಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದಳೋ.

ಆವತ್ತಿನಿಂದ ಅವಳ ಎಲೆಗೆ ಕಾಗದ ಬದಲಿಸುವವಳು ನಾನು. ದೇವರ ಮುಂದೆ ದೀಪ ಹಚ್ಚಿದಾಗಲೆಲ್ಲ, ಅವಳ ಹಂಬಲ ಹಿಂಗಲಿ, ಅವಳು ನೆಮ್ಮದಿಯಾಗಿರಲಿ ಎಂದು ಬೇಡಿಕೊಂಡೆ. ಖರೇ ಬೇಡಿಕೊಂಡೆ. ಸಂತೆಯ ದಿನ ಹಾಳೆಮನೆಗೆ ಹೋಗಿ ಕಾಗದ ಬಿಡಿಸಿ ಎಲೆ ಹಸಿರಾಗಿರುವುದು ಕಂಡರೆ ಅಯ್ಯೋ ಪಾಪ ಎನ್ನಬೇಕಲ್ಲ, ಅದರ ಬದಲು ನನ್ನ ಎದೆ ತಣ್ಣಗಾಗುತ್ತಿತ್ತು. ಹಸಿರಿದ್ದರೆ ಅವಳಿಗೆ ಈ ಊರಿನ ನಂಟು ಇದೆ. ಆ ನಂಟಿನ ಒಂದು ಎಳೆ ನಾನೂ ಇರಬಹುದು. ಎಲೆಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಪದರ ಬಿಡಿಸುವುದನ್ನು ನನಗೂ ಯಾರೂ ಕಲಿಸಬೇಕಾಗಲಿಲ್ಲ. ಮನೆಯಲ್ಲಿ ಒಬ್ಬಳೇ ಹಣ್ಣು ಹೊರಳಾಡಿಸುವಾಗ ಅವಳ ಜೊತೆ ಮಾತಾಡುತ್ತೇನೆ, ಜಗಳವಾಡುತ್ತೇನೆ. ಓಣಿಯವರು ಕೇಳಿಯೂ ಕೇಳದ ಹಾಗೆ ಹೋಗುತ್ತಾರೆ.

ಹೋದ ತಿಂಗಳು ಅವಳ ತಮ್ಮನ ಕಡೆಯ ಗಾಡಿಯವನೊಬ್ಬ ಬಂದಿದ್ದ. ಚಂಪವ್ವ ಅಲ್ಲಿ ಒಬ್ಬ ಬಡಗಿಯ ಜೊತೆ ಮದುವೆಯಾಗಿದ್ದಾಳೆ, ಒಳ್ಳೆಯವನು, ಅವಳಿಗೆ ಮೈ ಬಂದಿದೆ ಎಂದು ಹೇಳಿದ. ನಾನು ಅವನಿಗೆ ಪಾನಕ ಕೊಟ್ಟು, ಕಾಸು ಬೇಡವೆಂದೆ. ಓಣಿಯಲ್ಲೆಲ್ಲ ಸಕ್ಕರೆ ಹಂಚಿದೆ. ಮುಂದಿನ ಸಂತೆಗೆ ಹಾಳೆಮನೆಗೆ ಹೋದರೆ ಎಲೆಯ ಅಂಚು ಹಳದಿ. ಅದರ ಮುಂದಿನ ಸಂತೆಗೆ ಕಾಗದದಲ್ಲಿ ಹಸಿ ಇರಲಿಲ್ಲ.

ಈವತ್ತು ಪೂರ್ತಿ ಒಣಗಿತ್ತು. ಕೈಗೆ ಹಗುರವಾಗಿ, ಎಳೆ ಎಳೆ ಕಾಣುವಷ್ಟು ತೆಳ್ಳಗಾಗಿ. ನಾನು ಬೇಡಿಕೊಂಡದ್ದು ಇದೇ. ಮಾಸ್ತರರು ಹಾಳೆ, ಸೂಜಿ ದಾರ, ಶಾಯಿ ದೌತಿ ತಂದು ಮೇಜಿನ ಮೇಲಿಟ್ಟರು. "ಚೀಟಿ ಬರೀಲೇನವಾ?" ಎಂದು ಕೇಳಿದರು. ನಾನು ಎಲೆಯನ್ನು ಮತ್ತೆ ಹಲಗೆಯ ನಡುವೆ ಇಟ್ಟೆ. "ಇನ್ನೊಂದೆರಡ ಸಂತಿ ತಡೀರಿ ಮಾಸ್ತರ" ಎಂದೆ. ಅವರು ದೌತಿಗೆ ಮುಚ್ಚಳ ಹಾಕಿದರು. ನಾನು ತಂದಿದ್ದ ಕಾಗದವನ್ನು ಬಿಡಿಸಿ, ಒಣಗಿದ ಎಲೆಯ ಕೆಳಗೊಂದು ಮೇಲೊಂದು ಹಾಸಿ, ಕಲ್ಲು ಹೇರಿ ಮನೆಗೆ ಬಂದೆ.